ಬ್ರೋಫೋರ್ಸ್ ತಗೋಬಹುದಾ ಅಂತ ಕೇಳಿದವರಿಗೆ ಸ್ವಲ್ಪ ಉದ್ದದ ಉತ್ತರ

ಮೇಲೆ ಕೇಳಿರುವ ಪ್ರಶ್ನೆ ಇಷ್ಟು: ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಸೇಲ್‌ನಲ್ಲಿ ಬ್ರೋಫೋರ್ಸ್ ಅನ್ನೋ ಶೂಟಿಂಗ್ ಗೇಮ್ ಕಡಿಮೆ ಬೆಲೆಗೆ ಸಿಗುತ್ತಿದೆ, ಮನೆಯಲ್ಲಿರೋದು ಹಳೇ ಲ್ಯಾಪ್‌ಟಾಪ್, ಜೊತೆಗೆ ಆಡೋಕೆ ಕಾಲೇಜಿಗೆ ಹೋಗುವ ತಮ್ಮ ಇದ್ದಾನೆ, ತಗೋಬಹುದಾ? ಕೆಳಗೆ ಬಂದ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. ಒಬ್ಬರು ಇದಕ್ಕಿಂತ ಮಜಾ ಇನ್ನೊಂದಿಲ್ಲ ಅಂದರು. ಇನ್ನೊಬ್ಬರು ಅರ್ಧ ಗಂಟೆ ಆಡಿ ಅನ್‌ಇನ್‌ಸ್ಟಾಲ್ ಮಾಡಿದರಂತೆ. ಮೂರನೆಯವರು ಮೆಟಲ್ ಸ್ಲಗ್ ಅನ್ನೋ ಹಳೇ ಶೂಟಿಂಗ್ ಗೇಮ್ ಮುಂದೆ ಇದೆಲ್ಲ ಏನೂ ಅಲ್ಲ ಅಂತ ತೀರ್ಪು ಕೊಟ್ಟು ಹೋದರು. ಮತ್ತೊಬ್ಬರಿಗೆ ಎಲ್ಲಿ ನೋಡಿದರೂ ಅಮೆರಿಕದ ಬಾವುಟ ಅಂತ ಕಿರಿಕಿರಿ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ತಮ್ಮ ಪಕ್ಕದಲ್ಲೇ ಕೂತು ಆಡುವುದಾದರೆ ಕಣ್ಣು ಮುಚ್ಚಿ ತಗೊಳ್ಳಿ. ಒಬ್ಬರೇ ಆಡುವುದಾದರೆ ಒಂದು ವಿಷಯ ಗೊತ್ತಿರಬೇಕು: ಇದು ನೋಡೋಕೆ ಹಳೇ ವಿಡಿಯೋ ಗೇಮ್ ಕಾಂಟ್ರಾ ಥರ ಇದ್ದರೂ ಕಾಂಟ್ರಾ ಥರ ಆಡುವ ಆಟ ಅಲ್ಲ. ಇಲ್ಲಿ ಬೈದವರಲ್ಲಿ ಮುಕ್ಕಾಲು ಜನ ಕಾಂಟ್ರಾಗೆ ಪಳಗಿದ ಕೈಯಿಂದಲೇ ಇದನ್ನು ಆಡಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

ಕಾಂಟ್ರಾದಲ್ಲಿ ನೆಲ ನೆಲವೇ, ಗೋಡೆ ಗೋಡೆಯೇ. ಕೊನಾಮಿಯವರು 1987ರಲ್ಲಿ ಮಾಡಿದ ಆಟ ಅದು. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಕ್ಯಾಸೆಟ್ಟುಗಳಲ್ಲಿ ಅದನ್ನು ಆಡದವರು ನಮ್ಮಲ್ಲಿ ಕಡಿಮೆ. ಶತ್ರು ಎಲ್ಲಿಂದ ಬರುತ್ತಾನೆ, ಗುಂಡು ಎಲ್ಲಿ ಬೀಳುತ್ತದೆ, ಎಲ್ಲ ಬಾಯಿಪಾಠ ಮಾಡಬಹುದು. ಒಂದೇ ಏಟಿಗೆ ಸಾವು, ಆದ್ದರಿಂದ ಬಾಯಿಪಾಠವೇ ಗತಿ. ಅಥವಾ ಮೇಲೆ ಮೇಲೆ ಕೆಳಗೆ ಕೆಳಗೆ ಅಂತ ಶುರುವಾಗುವ ಆ ಕೋಡ್ ಒತ್ತಿ 30 ಜೀವ ತಗೋಬೇಕು.

ಬ್ರೋಫೋರ್ಸ್‌ನಲ್ಲೂ ಒಂದೇ ಏಟಿಗೆ ಸಾವು. ಆದರೆ ಇಲ್ಲಿ ನೆಲ, ಗೋಡೆ, ಸೇತುವೆ, ಮನೆ, ಬಹುತೇಕ ಎಲ್ಲವನ್ನೂ ಗುಂಡಿನಿಂದ ಒಡೆಯಬಹುದು. ಇಡೀ ಆಟದ ಗುಟ್ಟು ಇದೇ. ಎದುರಿಗೆ ಮೂರು ಜನ ಬಂದೂಕು ಹಿಡಿದು ನಿಂತಿದ್ದರೆ ಅವರೆದುರು ಓಡಬೇಕು ಅಂತೇನೂ ಇಲ್ಲ. ಹೆಗ್ಗಣದ ಹಾಗೆ ಕೆಳಗಿನಿಂದ ಕೊರೆದುಕೊಂಡು ಹೋಗಿ ಅವರ ಕಾಲಡಿಯ ನೆಲವನ್ನೇ ತೆಗೆಯಬಹುದು. ಮೇಲಿನ ಬಂಡೆಯನ್ನು ಅವರ ತಲೆ ಮೇಲೆ ಬೀಳಿಸಬಹುದು. ಗ್ಯಾಸ್ ಸಿಲಿಂಡರಿಗೆ ಗುಂಡು ತಾಗಿದರೆ ಅದು ರಾಕೆಟ್ ಥರ ಹಾರಿಹೋಗಿ ಎಲ್ಲೋ ಸಿಡಿಯುತ್ತದೆ. ಆ "ಎಲ್ಲೋ" ಅನ್ನೋದು ಒಮ್ಮೊಮ್ಮೆ ನೀವು ನಿಂತ ಜಾಗವೇ ಆಗಿರುತ್ತದೆ. ಕಾಂಟ್ರಾದ ಹಾಗೆ ಬಲಕ್ಕೆ ಓಡುತ್ತಾ ಗುಂಡು ಹಾರಿಸಿದರೆ ಹತ್ತು ಹೆಜ್ಜೆಗೆ ಸಾಯುತ್ತೀರಿ. ಬೋರ್ ಆಗೋದೂ ಹಾಗೆ ಆಡಿದಾಗಲೇ. ನಿಂತು, ಎಲ್ಲಿ ಕೊರೆಯಬೇಕು ಅಂತ ನೋಡಿ, ಆಮೇಲೆ ಗುಂಡು ಹಾರಿಸಬೇಕು. ಗೋಡೆಗೆ ಚಾಕು ಚುಚ್ಚಿ ಹತ್ತುವುದು ಎಲ್ಲ ಪಾತ್ರಗಳಿಗೂ ಬರುತ್ತದೆ. ಅದನ್ನು ಮೊದಲ ಹತ್ತು ನಿಮಿಷದಲ್ಲೇ ರೂಢಿ ಮಾಡಿಕೊಳ್ಳಿ, ಅರ್ಧ ಕಷ್ಟ ಕಳೆಯುತ್ತದೆ.

ಇನ್ನು ಅರ್ಧ ಗಂಟೆಯಲ್ಲಿ ಬಿಟ್ಟವರ ದೂರು. ಪಾತ್ರ ನಾವು ಆರಿಸೋಕೆ ಆಗಲ್ಲ, ಕೈಗೆ ಒಗ್ಗುವಷ್ಟರಲ್ಲಿ ಬದಲಾಗಿಬಿಡುತ್ತದೆ ಅಂತ ಅವರು ಬರೆದಿದ್ದಾರೆ. ಮಾತು ನಿಜ. ಪಂಜರದಲ್ಲಿ ಕೂಡಿಹಾಕಿರುವ ಸೆರೆಯಾಳನ್ನು ಬಿಡಿಸಿದರೆ ಒಂದು ಜೀವ ಸಿಗುತ್ತದೆ, ಜೊತೆಗೆ ನಿಮ್ಮ ಪಾತ್ರವೇ ಬದಲಾಗುತ್ತದೆ. ಯಾರು ಬರುತ್ತಾರೋ ಗೊತ್ತಿಲ್ಲ. ಹೆಚ್ಚಾಗಿ ಎಂಬತ್ತು ತೊಂಬತ್ತರ ದಶಕದ ಹಾಲಿವುಡ್ ಆಕ್ಷನ್ ಹೀರೋಗಳ ಹೆಸರಿಗೆ ಬ್ರೋ ಸೇರಿಸಿ ಇವರು ಪಾತ್ರ ಮಾಡಿದ್ದಾರೆ: ರಾಂಬ್ರೋ, ಬ್ರೋಬೋಕಾಪ್, ಇಂಡಿಯಾನಾ ಬ್ರೋನ್ಸ್, ಎಲೆನ್ ರಿಪ್‌ಬ್ರೋ, ಹೀಗೆ ಪಟ್ಟಿ ಉದ್ದ ಇದೆ. ಒಬ್ಬನ ಕೈಯಲ್ಲಿ ಮೆಷಿನ್ ಗನ್, ಇನ್ನೊಬ್ಬನ ಕೈಯಲ್ಲಿ ಬರೀ ಕತ್ತಿ. ಮ್ಯಾಕ್‌ಬ್ರೋವರ್ ಬಂದೂಕೇ ಮುಟ್ಟುವುದಿಲ್ಲ, ಡೈನಮೈಟ್ ಎಸೆಯುತ್ತಾನೆ. ಇಂಡಿಯಾನಾ ಬ್ರೋನ್ಸ್‌ಗೆ ಚಾಟಿ. ಬೂಂಡಾಕ್ ಬ್ರೋಸ್ ಬಂದರೆ ಒಂದೇ ಬಟನ್ನಿಗೆ ಇಬ್ಬರು ಓಡುತ್ತಾರೆ. ಚೆರ್ರಿ ಬ್ರೋಲಿಂಗ್ ಕಾಲಿನಿಂದ ಕೆಳಕ್ಕೆ ಗುಂಡು ಹಾರಿಸುತ್ತಾ ಗಾಳಿಯಲ್ಲಿ ತೇಲುತ್ತಾಳೆ.

ಇದು ಆಟದ ಕುಂದು ಅಂತ ಅವರು ಅಂದರು. ನನ್ನ ಪ್ರಕಾರ ಇದನ್ನು ತೆಗೆದರೆ ಆಟವೇ ಉಳಿಯಲ್ಲ. ಪಂಜರ ಕಂಡಾಗಲೆಲ್ಲ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಈಗಿರುವ ಒಳ್ಳೇ ಪಾತ್ರವನ್ನೇ ಉಳಿಸಿಕೊಳ್ಳಲೋ, ಇನ್ನೊಂದು ಜೀವಕ್ಕಾಗಿ ಅವನನ್ನು ಬಿಟ್ಟುಕೊಡಲೋ? ಈ ಚಡಪಡಿಕೆ ಇಲ್ಲದಿದ್ದರೆ ಎಲ್ಲರೂ ರಾಕೆಟ್ ಹೊಡೆಯುವ ಬ್ರೋಮಾಂಡೋ ಹಿಡಿದು ಕೊನೆವರೆಗೂ ಅದನ್ನೇ ಆಡುತ್ತಿದ್ದರು. ಇನ್ನೊಂದು ಮುಖ್ಯ ವಿಷಯ: ಹೊಸ ಪಾತ್ರಗಳು ತೆರೆದುಕೊಳ್ಳೋದು ಒಟ್ಟು ಎಷ್ಟು ಸೆರೆಯಾಳುಗಳನ್ನು ಬಿಡಿಸಿದ್ದೀರಿ ಅನ್ನೋ ಲೆಕ್ಕದ ಮೇಲೆ. ಶುರುವಿನಲ್ಲಿ ನಾಲ್ಕಾರು ಮುಖಗಳೇ ತಿರುಗಿ ತಿರುಗಿ ಬರುತ್ತವೆ. ಪಂಜರಗಳನ್ನು ಬಿಟ್ಟು ಓಡಿದವರಿಗೆ ಅರ್ಧ ಗಂಟೆಯಲ್ಲಿ ಬೋರ್ ಆಗದೆ ಇನ್ನೇನು! ಮೊದಲ ಕೆಲವು ಲೆವೆಲ್‌ಗಳಲ್ಲಿ ದಾರಿ ಸುತ್ತು ಬಳಸಾದರೂ ಸರಿ, ಸಿಕ್ಕ ಪಂಜರವನ್ನೆಲ್ಲ ಒಡೆಯಿರಿ.

ಒಂದು ಕಡೆ ಮಾತ್ರ ಈ ಬದಲಾವಣೆ ನಿಜಕ್ಕೂ ಕಾಟ ಕೊಡುತ್ತದೆ. ದೊಡ್ಡ ಬಾಸ್ (ಸುಲಭಕ್ಕೆ ಸಾಯದ ಮುಖ್ಯ ಶತ್ರು) ಎದುರಿಗೆ ಕತ್ತಿಯವನು ಕೈಗೆ ಸಿಕ್ಕರೆ ಮುಗಿಯಿತು. ಹತ್ತಿರ ಹೋಗೋಕೂ ಆಗಲ್ಲ, ದೂರದಿಂದ ಹೊಡೆಯೋಕೂ ಆಗಲ್ಲ. ಇದನ್ನು ಬಹಳ ಜನ ಬೈದಿದ್ದಾರೆ, ನ್ಯಾಯವಾದ ಬೈಗುಳವೇ. ಜೀವ ಮಿಕ್ಕಿದ್ದರೆ ಆ ಪಾತ್ರವನ್ನು ಬೇಗ ಕಳಕೊಂಡು ಇನ್ನೊಬ್ಬನನ್ನು ತರಿಸಿಕೊಳ್ಳಿ ಅಂತ ಹೇಳಬಹುದು. ಅದು ಒಳ್ಳೇ ಡಿಸೈನ್ ಅಂತ ಮಾತ್ರ ಹೇಳೋಕೆ ಬರಲ್ಲ.

ಮೆಟಲ್ ಸ್ಲಗ್ ಪ್ರೇಮಿಗಳಿಗೆ ಒಂದು ಮಾತು. ನಾನೂ ನಿಮ್ಮ ಪಂಗಡದವನೇ. 1996ರ ಮೊದಲ ಮೆಟಲ್ ಸ್ಲಗ್‌ನ ಚಿತ್ರಗಳಿಗೆ ಸಮ ಇವತ್ತಿಗೂ ಇಲ್ಲ. ಗಡ್ಡ ಬಿಟ್ಟ ಕೈದಿ ಕಟ್ಟು ಬಿಚ್ಚಿದ ಕೂಡಲೇ ಚಡ್ಡಿಯಿಂದ ಬಂದೂಕು ತೆಗೆದುಕೊಟ್ಟು ಸೆಲ್ಯೂಟ್ ಹೊಡೆಯುತ್ತಾನಲ್ಲ, ಎರಡನೇ ಭಾಗದಲ್ಲಿ ಜಾಸ್ತಿ ತಿಂದರೆ ಹೀರೋ ಡುಮ್ಮಣ್ಣ ಆಗುತ್ತಾನಲ್ಲ, ಆ ನಗು ಒಬ್ಬೊಬ್ಬ ಚಿತ್ರಕಾರ ಕೂತು ಬಿಡಿಸಿದ ನಗು. ಬ್ರೋಫೋರ್ಸ್‌ನಲ್ಲಿ ಅಷ್ಟು ನಾಜೂಕಿನ ಚಿತ್ರ ಇಲ್ಲ. ಪಾತ್ರಗಳು ಬೆರಳೆಣಿಕೆ ಪಿಕ್ಸೆಲ್‌ಗಳ ಗೊಂಬೆಗಳು. ಇಲ್ಲಿ ನಗು ಬರೋದು ನಡೆದುಹೋಗುವ ಅನಾಹುತದಿಂದ. ಸೇತುವೆ ಮೇಲೆ ನಿಂತ ಒಬ್ಬನಿಗೆ ಗುರಿ ಇಟ್ಟರೆ ಗುಂಡು ಡ್ರಮ್ಮಿಗೆ ತಾಗಿ, ಡ್ರಮ್ಮು ಸಿಡಿದು ಸೇತುವೆ ಕುಸಿದು, ಕೆಳಗಿದ್ದವರೆಲ್ಲ ಸತ್ತು, ಕೊನೆಗೆ ನೀವು ನಿಂತ ನೆಲವೂ ಹೋಗಿ ನೀವೂ ಕೆಳಗೆ. ಇದನ್ನು ಯಾರೂ ಬರೆದಿಟ್ಟದ್ದಲ್ಲ, ಅದಾಗಿಯೇ ಆಯಿತು. ಅದಕ್ಕೇ ಪಕ್ಕದಲ್ಲಿ ಒಬ್ಬರು ಇರಬೇಕು ಅಂದದ್ದು. ಒಬ್ಬರೇ ಇದ್ದಾಗ ಥೂ ಅಂತ ಬೈದುಕೊಳ್ಳುವ ಸಾವೇ, ಇಬ್ಬರಿದ್ದಾಗ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ.

ಇಬ್ಬರು ಆಡುವಾಗ ಆಟ ಸ್ವಲ್ಪ ಬದಲಾಗುತ್ತದೆ. ಒಬ್ಬ ಸತ್ತರೆ, ಇನ್ನೊಬ್ಬ ಪಂಜರ ಒಡೆದು ಅವನನ್ನು ವಾಪಸ್ ತರಬೇಕು. ಹಾಗಾಗಿ ಸತ್ತವನು ಪಕ್ಕದಲ್ಲಿ ಕೂತು "ಅಲ್ಲಿ ಪಂಜರ ಇದೆ, ಹೋಗೋ, ಹೋಗೋ" ಅಂತ ಜೀವ ತಿನ್ನುತ್ತಿರುತ್ತಾನೆ. ನಮ್ಮ ಅಕ್ಕನ ಮಗ ಇದರಲ್ಲಿ ಎತ್ತಿದ ಕೈ. ಡ್ರಮ್ಮು ಸಿಡಿಸಿ ನನ್ನನ್ನು ಸಾಯಿಸುವವನೂ ಅವನೇ, ಆಮೇಲೆ ಬಿಡಿಸಿದ್ದಕ್ಕೆ ಉಪಕಾರ ಹೊರಿಸುವವನೂ ಅವನೇ. ಒಟ್ಟು ನಾಲ್ಕು ಜನರವರೆಗೆ ಆಡಬಹುದು. ಆದರೆ ನನ್ನ ಮಟ್ಟಿಗೆ ಇಬ್ಬರೇ ಸರಿ. ಮೂರನೆಯವರು ಬಂದರೆ ಪರದೆ ತುಂಬ ಹೊಗೆ, ಬೆಂಕಿ, ಚೂರು. ನಾನೆಲ್ಲಿದ್ದೇನೆ ಅನ್ನೋದೇ ಕಾಣಲ್ಲ. ಯಾರು ಕೊಂದರು ಅಂತಲೇ ಗೊತ್ತಾಗಲ್ಲ ಅನ್ನೋ ದೂರು ಎಲ್ಲ ಕಡೆ ಕೇಳಿಬರುತ್ತದೆ, ಅದರಲ್ಲಿ ಸುಳ್ಳಿಲ್ಲ.

ಆನ್‌ಲೈನ್ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ನೆಲ ಒಡೆಯುವ ಆಟವಾದ್ದರಿಂದ ಇಬ್ಬರ ಕಂಪ್ಯೂಟರಿನಲ್ಲೂ ಒಡೆದ ಒಂದೊಂದು ಕಲ್ಲೂ ಹೊಂದಿಕೊಂಡಿರಬೇಕು. ಅದು ತಪ್ಪಿದಾಗ ತಡವರಿಸುತ್ತದೆ. ಬೇರೆ ಊರಿನ ಗೆಳೆಯನ ಜೊತೆ ಆಡಬೇಕು ಅಂದರೆ ಸ್ಟೀಮ್‌ನ ರಿಮೋಟ್ ಪ್ಲೇ ಟುಗೆದರ್ ಒಮ್ಮೆ ನೋಡಿ. ಅದರಲ್ಲಿ ಆಟ ಓಡುವುದು ಒಬ್ಬರ ಕಂಪ್ಯೂಟರಿನಲ್ಲಿ ಮಾತ್ರ, ಇನ್ನೊಬ್ಬರಿಗೆ ಚಿತ್ರ ಹೋಗುತ್ತದೆ. ಒಬ್ಬರು ಕೊಂಡರೆ ಸಾಕು, ಆದರೆ ಇಬ್ಬರ ಕಡೆಯೂ ನೆಟ್ ಚೆನ್ನಾಗಿರಬೇಕು.

ಬಾವುಟದ ವಿಷಯಕ್ಕೆ ಬರೋಣ. ಇದು ಅಮೆರಿಕದವರು ಮಾಡಿದ ಆಟವೇ ಅಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನ ಫ್ರೀ ಲೈವ್ಸ್ ಅನ್ನೋ ಸಣ್ಣ ತಂಡದ್ದು. 2012ರಲ್ಲಿ ಲೂಡಮ್ ಡೇರ್ ಅನ್ನೋ ಗೇಮ್ ಜಾಮ್‌ಗೆ (ಗಡುವಿನೊಳಗೆ ಆಟ ಮಾಡಿ ತೋರಿಸುವ ಸ್ಪರ್ಧೆ) ರಾಂಬ್ರೋಸ್ ಅನ್ನೋ ಹೆಸರಲ್ಲಿ ಕೆಲವೇ ದಿನಗಳಲ್ಲಿ ಮಾಡಿದ್ದು, ಬೆಳೆದು ಬೆಳೆದು ಇಷ್ಟಾಯಿತು. 2014ರಲ್ಲಿ ಅರ್ಲಿ ಆಕ್ಸೆಸ್ (ಆಟ ಪೂರ್ತಿ ಆಗುವ ಮೊದಲೇ ಮಾರಾಟ), 2015ರ ಅಕ್ಟೋಬರ್‌ನಲ್ಲಿ ಪೂರ್ತಿ ಬಿಡುಗಡೆ. ಪಬ್ಲಿಷರ್ ಡಿವಾಲ್ವರ್ ಡಿಜಿಟಲ್. ಹೊರಗಿನವರು ಕೂತು ಹಾಲಿವುಡ್ ಆಕ್ಷನ್ ಸಿನಿಮಾಗಳ ಗತ್ತನ್ನು ಅಣಕ ಮಾಡಿದ್ದಾರೆ. ವಿಯೆಟ್ನಾಂನಿಂದ ಶುರು ಮಾಡಿ, ಹೋದಲ್ಲೆಲ್ಲ ಬಾವುಟ ನೆಟ್ಟು, "ಬಿಡುಗಡೆ ಮಾಡಿದ್ದೇವೆ" ಅಂತ ಸಾರಿ, ಇದ್ದ ಊರನ್ನು ಬೂದಿ ಮಾಡಿ ಹೆಲಿಕಾಪ್ಟರ್ ಹತ್ತಿ ಹಾರಿಹೋಗುವುದು. ಇದನ್ನು ಹೊಗಳಿಕೆ ಅಂತ ಹೇಗೆ ಓದುತ್ತೀರಿ? ಆಮೇಲೆ ಏಲಿಯನ್‌ಗಳು ಬರುತ್ತವೆ, ಕೊನೆಗೆ ನರಕಕ್ಕೇ ದಂಡೆತ್ತಿ ಹೋಗುತ್ತಾರೆ.

ಹಾಗಂತ ಹಾಸ್ಯ ಭಾರೀ ಆಳವಾಗಿದೆ ಅಂತಲೂ ಅಲ್ಲ. ಒಂದೇ ಜೋಕನ್ನು ಕೊನೆವರೆಗೂ ಎಳೆದಿದ್ದಾರೆ. ಹೆಸರುಗಳು ಮೊದಲ ಸಲ ನಗು ತರಿಸುತ್ತವೆ, ಆಮೇಲೆ ಇಲ್ಲ. ಆ ಹಳೇ ಸಿನಿಮಾ ನೋಡದ ಇಪ್ಪತ್ತರ ಹುಡುಗರಿಗೆ ಅರ್ಧ ಹೆಸರು ಅರ್ಥವೂ ಆಗಲ್ಲ. ಆದರೂ ಅವರು ಆಡುತ್ತಾರೆ, ಸಿಡಿತ ಅರ್ಥವಾಗೋಕೆ ಸಿನಿಮಾ ನೋಡಿರಬೇಕಿಲ್ಲವಲ್ಲ.

ಏಲಿಯನ್ ಲೆವೆಲ್‌ಗಳ ಬಗ್ಗೆ ಎಚ್ಚರಿಕೆ ಕೊಡಲೇಬೇಕು. ಅಲ್ಲಿವರೆಗೆ ಕಲಿತ ಉಪಾಯಗಳು ಅಲ್ಲಿ ಅಷ್ಟಾಗಿ ನಡೆಯಲ್ಲ. ಸೈನಿಕರು ಹೆದರುತ್ತಾರೆ, ಗೊಂದಲಕ್ಕೆ ಬೀಳುತ್ತಾರೆ, ತಮ್ಮ ಬಾಂಬಿಗೆ ತಾವೇ ಸಾಯುತ್ತಾರೆ. ಏಲಿಯನ್‌ಗಳು ಸುಮ್ನೆ ಮೈಮೇಲೆ ನುಗ್ಗುತ್ತವೆ. ಅಲ್ಲಿ ಕೊರೆಯೋದು ಬಿಟ್ಟು ಹಿಂದೆ ಸರಿಯುತ್ತಾ ಹೊಡೆಯಬೇಕು. ಆಟದ ದುರ್ಬಲ ಭಾಗ ಇದೇ ಅಂತ ನನ್ನ ಅಭಿಪ್ರಾಯ. ಇದನ್ನೇ ಮೆಚ್ಚಿದವರೂ ಇದ್ದಾರೆ, ಅವರ ಕೈ ಚುರುಕಿರಬೇಕು. ನರಕಕ್ಕೆ ಬಂದ ಮೇಲೆ ಆಟ ಮತ್ತೆ ಹದಕ್ಕೆ ಬರುತ್ತದೆ.

ಲ್ಯಾಪ್‌ಟಾಪ್ ಹಳೇದು ಅಂದಿರಿ. ಚಿತ್ರ ಸಾದಾ ಇದೆ ಅಂತ ಆಟ ಹಗುರ ಅಂದುಕೊಳ್ಳಬೇಡಿ. ಒಂದೇ ಸಲ ನೂರಾರು ಚೂರು ಹಾರುವಾಗ ಪ್ರೊಸೆಸರ್‌ಗೆ ಕೆಲಸ ಬೀಳುತ್ತದೆ. ನಿಂಟೆಂಡೋ ಸ್ವಿಚ್ ಅನ್ನೋ ಗೇಮ್ ಕನ್ಸೋಲ್‌ನಲ್ಲಿ ಆಡಿದವರೂ ದೊಡ್ಡ ಸ್ಫೋಟದ ಹೊತ್ತಿಗೆ ಆಟ ನಿಧಾನ ಆಗುತ್ತದೆ ಅಂತ ದೂರಿದ್ದಾರೆ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ರೀಫಂಡ್ ಕೇಳಬಹುದು. ಹಾಗಾಗಿ ಕೊಂಡ ದಿನವೇ ಇಬ್ಬರೂ ಕೂತು ಒಂದು ಗಂಟೆ ಆಡಿಬಿಡಿ, ಬೇಕಂತಲೇ ಎಲ್ಲ ಡ್ರಮ್ಮುಗಳನ್ನೂ ಸಿಡಿಸಿ ನೋಡಿ. ಅಲ್ಲಿ ಲ್ಯಾಪ್‌ಟಾಪ್ ತಾಳಿಕೊಂಡಿತೋ, ಮುಂದೆಯೂ ತಾಳಿಕೊಳ್ಳುತ್ತದೆ. ಆಟದಿಂದ ಹೊರಗೆ ಬರದೆ ಊಟಕ್ಕೆ ಎದ್ದು ಹೋಗಬೇಡಿ, ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ.

ಕಂಟ್ರೋಲರ್ ಒಂದಾದರೂ ಇರಲಿ. ಒಬ್ಬರು ಕಂಟ್ರೋಲರ್, ಒಬ್ಬರು ಕೀಬೋರ್ಡ್ ಅಂತ ಹಂಚಿಕೊಂಡರೆ ಸಾಕು. ದುಬಾರಿಯದು ಬೇಡ, ಈ ಆಟಕ್ಕೆ ಬೇಕಾಗೋದು ನಾಲ್ಕು ದಿಕ್ಕು ಮತ್ತು ನಾಲ್ಕು ಬಟನ್.

ಆಟ ಚಿಕ್ಕದು, ಮುಖ್ಯ ಕಥೆ ಒಬ್ಬರೇ ಆಡಿದರೆ ಐದಾರು ಗಂಟೆ. ಪೂರ್ತಿ ಬೆಲೆಗೆ ಇದು ಕಡಿಮೆ ಅನ್ನಿಸಬಹುದು, ಸೇಲ್ ಬೆಲೆಗೆ ಧಾರಾಳ. ಮುಗಿಸಿದ ಮೇಲೆ ಐರನ್ ಬ್ರೋ ಅಂತ ಒಂದು ಮೋಡ್ ಇದೆ, ಅದರಲ್ಲಿ ಸತ್ತ ಪಾತ್ರ ಸತ್ತ ಹಾಗೇ. ಲೆವೆಲ್ ನಾವೇ ಮಾಡುವ ಎಡಿಟರ್ ಇದೆ, ಬೇರೆಯವರು ಮಾಡಿದ್ದನ್ನು ಸ್ಟೀಮ್‌ನ ವರ್ಕ್‌ಶಾಪ್ ವಿಭಾಗದಿಂದ ಇಳಿಸಿಕೊಳ್ಳಬಹುದು. ಅದರಲ್ಲಿ ಕಸ ಜಾಸ್ತಿ, ಆದರೆ ಹುಡುಕಿದರೆ ಒಳ್ಳೆಯದೂ ಸಿಗುತ್ತದೆ. 2023ರಲ್ಲಿ ಬ್ರೋಫೋರ್ಸ್ ಫಾರೆವರ್ ಅಂತ ಉಚಿತ ಅಪ್‌ಡೇಟ್ ಬಂತು, ಹೊಸ ಪಾತ್ರಗಳು ಸೇರಿದವು. ಎಂಟು ವರ್ಷ ಹಳೇ ಆಟಕ್ಕೆ ದುಡ್ಡು ಕೇಳದೆ ಅಷ್ಟು ಮಾಡಿದ್ದು ನನಗಂತೂ ಖುಷಿಯಾಯಿತು.

ಕೆಳಗೆ ಇನ್ನೊಬ್ಬರು ಒಂದನೇ ಕ್ಲಾಸಿನ ಮಗಳ ಜೊತೆ ಆಡಬಹುದಾ ಅಂತ ಕೇಳಿದ್ದಾರೆ. ಬೇಡ. ಪಿಕ್ಸೆಲ್ ಆದರೂ ರಕ್ತ ಧಾರಾಳವಾಗಿ ಹಾರುತ್ತದೆ, ಮೈ ತುಂಡು ತುಂಡಾಗುತ್ತದೆ. ಕಪ್‌ಹೆಡ್ ಅನ್ನೋ ಇನ್ನೊಂದು ಶೂಟಿಂಗ್ ಗೇಮ್ ನೋಡೋಕೆ ಹಳೇ ಕಾರ್ಟೂನ್ ಥರ ಮುದ್ದಾಗಿದೆ ಅಂತ ಅದನ್ನು ಕೊಡಿಸಲೂ ಹೋಗಬೇಡಿ, ಅದರ ಕಷ್ಟಕ್ಕೆ ದೊಡ್ಡವರೇ ಕಂಟ್ರೋಲರ್ ಎಸೆಯುತ್ತಾರೆ. ಒಬ್ಬರೇ ಕೂತು, ಪ್ರತಿ ಸಾವಿಗೂ ನನ್ನ ತಪ್ಪೇ ಕಾರಣ ಅನ್ನುವಂಥ ಅಚ್ಚುಕಟ್ಟಾದ ಆಟ ಬೇಕಾದ ದೊಡ್ಡವರಿಗೆ ಮಾತ್ರ ಬ್ರೋಫೋರ್ಸ್‌ಗಿಂತ ಕಪ್‌ಹೆಡ್ ಎಷ್ಟೋ ವಾಸಿ.

ತಗೊಂಡ ಮೇಲೆ ಲ್ಯಾಪ್‌ಟಾಪ್ ಮಾಡೆಲ್ ಯಾವುದು, ಹೇಗೆ ಓಡಿತು ಅಂತ ಇಲ್ಲೇ ಬರೆಯಿರಿ. ಹಳೇ ಮಷಿನ್ ಇಟ್ಟುಕೊಂಡು ಇದನ್ನೇ ಕೇಳುವವರು ಗುಂಪಿನಲ್ಲಿ ಇನ್ನೂ ಇದ್ದಾರೆ.