ಸೈಲೆನ್ಸರ್ ಹಾಗೇ ಇಟ್ಟು ಬೆಂಡ್ ಪೈಪ್ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬಾಗಿದ ಪೈಪ್) ಮಾತ್ರ ಬದಲಿಸಿದರೆ ಬೈಕಿನ ಸದ್ದು ಬದಲಾಗುತ್ತದೆಯೇ?

ಹೆಚ್ಚೇನೂ ಇಲ್ಲ, ಸದ್ದು ಅಡಗಿಸುವ ಕೆಲಸ ಬಹುಪಾಲು ಸೈಲೆನ್ಸರಿನದ್ದೇ. ಆದರೆ ಬಿಎಸ್6 ಹೊಗೆ ನಿಯಮದಂತೆ ತಯಾರಾದ ಕೆಲವು ಬೈಕುಗಳಲ್ಲಿ, ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬೆಂಡ್ ಪೈಪಿನಲ್ಲೇ ಇರುತ್ತದೆ. ಅದು ಹೋದರೆ ಸದ್ದು ಗಡುಸಾಗುತ್ತದೆ, ಹೊಗೆಯೂ ಕೆಡುತ್ತದೆ. ಒಂದೇ ಪದರದ ತೆಳು ಪೈಪಾದರೆ ತಗಡು ಬಡಿದ ಹಾಗೆ ಕೇಳುತ್ತದೆ.

ಥ್ರಾಟಲ್ ಬಿಟ್ಟಾಗ ಪಟಪಟ ಸಿಡಿದರೆ ಅದನ್ನು 'ಒಳ್ಳೆ ಸೌಂಡ್' ಅಂದುಕೊಳ್ಳಬೇಡಿ. ಅದು ಲೀಕಿನ ಲಕ್ಷಣವೂ ಇರಬಹುದು. ಪೈಪ್ ಎಂಜಿನ್ ಹೆಡ್ಡಿಗೆ ಸೇರುವಲ್ಲಿ ಸಂದು ಮುಚ್ಚುವ ಗ್ಯಾಸ್ಕೆಟ್ ಸುತ್ತ ಕಪ್ಪು ಮಸಿ ಇದ್ದರೆ ಅಲ್ಲಿ ಲೀಕ್ ಇದೆ. ಗ್ಯಾಸ್ಕೆಟ್ ಹೊಸದೇ ಹಾಕಿ, ನಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿ ಮಾಡಿ.

ಮಂಗಳೂರು, ಉಡುಪಿಯ ಉಪ್ಪುಗಾಳಿಗೆ, ಆ ನಟ್ ಕೂರುವ, ಹೆಡ್ಡಿನಲ್ಲಿ ನೆಟ್ಟ ಬೋಲ್ಟಿನಂಥ ಸ್ಟಡ್‌ಗಳು ತುಕ್ಕು ಹಿಡಿದಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟು, ಎಂಜಿನ್ ತಣ್ಣಗಿರುವಾಗ ಬಿಚ್ಚಿ. ಬಲವಂತ ಮಾಡಿದರೆ ಸ್ಟಡ್ ಹೆಡ್‌ನಲ್ಲೇ ಮುರಿದು ಲೇತ್ ಶಾಪ್‌ಗೆ ಅಲೆಯಬೇಕಾದೀತು. ಹಳೆ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇದ್ದರೆ, ಅದಕ್ಕೆ ಜಾಗವಿಲ್ಲದ ಪೈಪ್ ಕೊಳ್ಳಲೇಬೇಡಿ.