ಓದುಗರ ಪ್ರಶ್ನೆ: ಕರ್ನಲ್ ಹೊಸದಾಯಿತು, ಫೈಲಿನ ಲೇಬಲ್ ಎಲ್ಲಿ ಹೋಯಿತು?

ಪ್ರಶ್ನೆ: ನಮಸ್ಕಾರ ಸರ್. ಕಲಬುರಗಿ ನೆಹರು ಗಂಜಿನಾಗ ನಮ್ಮ ಕಾಕಾನ ತೊಗರಿ ಅಡತ್ ಅಂಗಡಿ ಅದ. ತೂಕದ ಚೀಟಿ, ಹಿಸಾಬ್ ಪಟ್ಟಿ ಎಲ್ಲಾ ಸ್ಕ್ಯಾನ್ ಮಾಡಿ ಒಳಗಿನ ಖೋಲಿಯ ಫೈಲ್ ಸರ್ವರ್‌ನಾಗ ಇಡ್ತೀವಿ. ಹೊರಗಿನ ಮಷಿನ್ ಅದನ್ನ ಎನ್‌ಎಫ್‌ಎಸ್ 4.2ರ (ಒಂದು ಮಷಿನ್‌ನ ಫೋಲ್ಡರ್ ಇನ್ನೊಂದರಾಗ ಕಾಣಸೋ ದಾರಿ) ಮ್ಯಾಲ ಮೌಂಟ್ ಮಾಡ್ಕೊಂಡು ಅಪಾಚೆ ವೆಬ್ ಸರ್ವರಿನಿಂದ ಆಫೀಸಿನವರಿಗೆ ತೋರಸ್ತದ. ಇನ್ನೊಂದು ಫೋಲ್ಡರಿಗೆ ಹುಡುಗರು ಮೊಬೈಲಿನಿಂದ ಚೀಲದ ಫೋಟೊ ಏರಸ್ತಾರ. ಎರಡೂ ಮಷಿನ್ ಫೆಡೋರಾ ಲಿನಕ್ಸ್. ಸರ್ವರ್‌ನಾಗ ಮೊದಲು ಫೆಡೋರಾ 25, ಅದರ ತಿರುಳಾದ ಕರ್ನಲ್ 4.8 ಇತ್ತು. ಹೋದ ತಿಂಗಳು ಹೊಸ ಫೆಡೋರಾ ಹಾಕಿದೆ. ಡೇಟಾ ಡಿಸ್ಕ್ ಮುಟ್ಟಿಲ್ಲ, ಯಾವ ಫೋಲ್ಡರ್ ಹೊರಗ ಕೊಡಬೇಕು ಅಂತ ಬರೆದ ಹಳೆ ಎಕ್ಸ್‌ಪೋರ್ಟ್ಸ್ ಫೈಲನ್ನೇ ತಂದಿಟ್ಟೀನಿ. ಅವತ್ತಿನಿಂದ ಪೇಜ್ ತೆಗೆದ್ರ ‘403 ಫರ್ಬಿಡನ್’. ಪರ್ಮಿಷನ್ 755 ಸರಿ ಅದ. ಹೊರಗಿನ ಮಷಿನ್‌ನಾಗ ಲೇಬಲ್ ಬದಲಸೋ ಚ್‌ಕಾನ್ ಕಮಾಂಡ್ ಹೊಡೆದ್ರ ‘ಆಪರೇಷನ್ ನಾಟ್ ಸಪೋರ್ಟೆಡ್’ ಅಂತದ. ಎಸ್‌ಇಲಿನಕ್ಸ್ ಬಂದ್ ಮಾಡಿಬಿಡು ಅಂತ ಒಬ್ಬರು ಹೇಳ್ಯಾರ. ಮಾಡ್ಲ್ಯಾ?
— ಹೆಸರು ಬೇಡ, ಕಲಬುರಗಿ

ಉತ್ತರ: ಬಂದ್ ಮಾಡಬೇಡ ತಂಗಿ. ಎಸ್‌ಇಲಿನಕ್ಸ್ ಎಂದರೆ ಫೈಲಿಗೆ ಅಂಟಿದ ಲೇಬಲ್ ನೋಡಿ, ಯಾವ ಪ್ರೋಗ್ರಾಂ ಅದನ್ನು ಮುಟ್ಟಬಹುದು ಎಂದು ತೀರ್ಮಾನಿಸುವ ಲಿನಕ್ಸ್‌ನ ಕಾವಲುಗಾರ. ನೀನು ಬರೆದದ್ದನ್ನೆಲ್ಲ ಎರಡು ಸಲ ಓದಿದೆ. ಲೇಬಲ್‌ಗಳು ಸರ್ವರ್‌ನ ಡಿಸ್ಕಿನ ಮೇಲೆಯೇ ಇರಬೇಕು. ಸರ್ವರ್ ಅವನ್ನು ಹೊರಗೆ ಕೊಡುವುದನ್ನು ನಿಲ್ಲಿಸಿದೆ.

ಏನನ್ನೂ ಬದಲಿಸುವ ಮೊದಲು ಇದನ್ನು ಕಣ್ಣಾರೆ ನೋಡು. ಒಂದೇ ಒಂದು ಚೀಟಿಯ ಫೈಲ್ ಆರಿಸಿಕೋ. ಒಳಗಿನ ಖೋಲಿಯಲ್ಲಿ ಸರ್ವರ್ ಮುಂದೆ ಕೂತು ಎಲ್‌ಎಸ್ ಕಮಾಂಡ್‌ಗೆ ದೊಡ್ಡ ಝಡ್ (ls -Z) ಹಚ್ಚಿ ಆ ಫೈಲಿನ ಹೆಸರು ಕೊಡು. ಎದ್ದು ಬಂದು ಹೊರಗಿನ ಮಷಿನ್‌ನಲ್ಲೂ ಅದನ್ನೇ ಮಾಡು. ಒಳಗೆ ‘ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ’ ಎಂದೂ ಹೊರಗೆ ‘ಎನ್‌ಎಫ್‌ಎಸ್_ಟಿ’ ಎಂದೂ ಬಂದರೆ ರೋಗ ಸಿಕ್ಕಿತು. ಹೊರಗಿನ ಮಷಿನ್‌ನಲ್ಲಿ ಮೌಂಟ್ ಪಟ್ಟಿಯನ್ನೂ ತೆಗೆದು ನೋಡು. ಆ ಸಾಲಿನಲ್ಲಿ ‘ಸೆಕ್‌ಲೇಬಲ್’ ಎಂಬ ಪದ ಇರುವುದಿಲ್ಲ. ಆಡಿಟ್ ಲಾಗ್‌ನಲ್ಲಿ ಎವಿಸಿ ಸಾಲು (ಎಸ್‌ಇಲಿನಕ್ಸ್ ತಡೆದದ್ದರ ದಾಖಲೆ) ಹುಡುಕಿದರೆ ಎಚ್‌ಟಿಟಿಪಿಡಿ, ಅಂದರೆ ಅಪಾಚೆ, ಓದಲು ಹೋದದ್ದು, ಎನ್‌ಎಫ್‌ಎಸ್_ಟಿ ನೋಡಿ ‘ಡಿನೈಡ್’ ಆದದ್ದು ಅಕ್ಷರಶಃ ಬರೆದಿರುತ್ತದೆ.

ನಿಮ್ಮ ಅಂಗಡಿಯನ್ನೇ ನೆನೆಸಿಕೋ. ರೈತನ ಚೀಲದ ಬಾಯಿಗೆ ಲಾಟಿನ ಚೀಟಿ ಕಟ್ಟಿದೆ. ಒಳಗಿನ ಹಮಾಲ ಚೀಟಿ ಬಿಚ್ಚಿಟ್ಟುಕೊಂಡು ಬರೀ ಚೀಲವನ್ನು ಬಾಗಿಲಿಂದ ಹೊರಗೆ ಕೊಟ್ಟರೆ, ಹೊರಗೆ ನಿಂತವನು ಅದನ್ನು ಯಾರ ಲೆಕ್ಕಕ್ಕೂ ಹಚ್ಚಲಾರ. ಒಳಗೆ ತೊಗರಿ ಅದೇ, ಚೀಲವೂ ಅದೇ. ಆದರೂ ‘ಹೊರಗಿನ ಮಾಲು’ ಎಂದು ಬದಿಗೆ ಒಟ್ಟುತ್ತಾನೆ. ಆ ಒಟ್ಟಿನ ಹೆಸರೇ ಎನ್‌ಎಫ್‌ಎಸ್_ಟಿ. ಅದನ್ನು ಮುಟ್ಟುವ ಹಕ್ಕು ಅಪಾಚೆಗೆ ಹುಟ್ಟಿನಿಂದ ಇಲ್ಲ. ಚ್‌ಕಾನ್ ಹೊಡೆದಾಗ ನಿನಗೆ ಆ ಉತ್ತರ ಬಂದದ್ದೂ ಇದಕ್ಕೇ: ಚೀಟಿ ದಾಟದ ಬಾಗಿಲಲ್ಲಿ ನಿಂತು ಹೊಸ ಚೀಟಿ ಕಟ್ಟಲು ಹೋದೆ.

ಇದು ಏಕಾಯಿತು? ಎನ್‌ಎಫ್‌ಎಸ್ ಮೂಲಕ ಎಸ್‌ಇಲಿನಕ್ಸ್ ಲೇಬಲ್ ಸಾಗಿಸುವ ಸೌಲಭ್ಯ ಲಿನಕ್ಸ್‌ಗೆ ಬಂದದ್ದು 2013ರಲ್ಲಿ, 3.11 ಕರ್ನಲ್‌ನಲ್ಲಿ. ಆಗ ಎರಡೂ ಕಡೆ ಎನ್‌ಎಫ್‌ಎಸ್ 4.2 ಇದ್ದರೆ ಸಾಕು, ಲೇಬಲ್ ತಾನಾಗಿ ದಾಟುತ್ತಿತ್ತು. ನಿಮ್ಮ 4.8 ಕರ್ನಲ್ ಆ ಕಾಲದ್ದು. ಆದರೆ ಬೇರೆ ಕಡೆ ಇದೇ ತೊಂದರೆ ಕೊಟ್ಟಿತು: ಸುಮ್ಮನೆ ಎನ್‌ಎಫ್‌ಎಸ್ 4.2ಕ್ಕೆ ಏರಿದವರ ಕ್ಲೈಂಟ್‌ಗಳಿಗೆ ಹಿಂದೆ ಕಾಣದ ಲೇಬಲ್‌ಗಳು ಇದ್ದಕ್ಕಿದ್ದಂತೆ ಕಾಣತೊಡಗಿದವು. ಎರಡು ಮಷಿನ್‌ಗಳ ಪಾಲಿಸಿ (ಎಸ್‌ಇಲಿನಕ್ಸ್‌ನ ನಿಯಮಗಳ ಕಟ್ಟು) ಬೇರೆ ಇದ್ದರೆ ಒಂದರ ಲೇಬಲ್ ಇನ್ನೊಂದಕ್ಕೆ ಅರ್ಥವೇ ಆಗುವುದಿಲ್ಲ. ಹಾಗಾಗಿ 2017ರ 4.11 ಕರ್ನಲ್‌ನಿಂದ ನಿಯಮ ತಿರುಗಿತು: ಲೇಬಲ್ ಬೇಕೆಂದು ಎಕ್ಸ್‌ಪೋರ್ಟ್‌ನಲ್ಲಿ ಬರೆದು ಕೇಳಿದರೆ ಮಾತ್ರ ಕೊಡುವುದು. ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಆದರೆ ಹಳೆ ಎಕ್ಸ್‌ಪೋರ್ಟ್ಸ್ ಫೈಲನ್ನು ಹಾಗೆಯೇ ಹೊತ್ತು ತಂದವರಿಗೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಬಾಗಿಲು ಮಾತ್ರ ಮುಚ್ಚಿರುತ್ತದೆ.

ಮಾಡಬೇಕಾದದ್ದು ಇಷ್ಟು. ಸರ್ವರ್‌ನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಆ ಫೋಲ್ಡರಿನ ಸಾಲಿಗೆ ಹೋಗು. ಆವರಣದೊಳಗೆ ಆರ್‌ಡಬ್ಲ್ಯು, ಸಿಂಕ್ ಮುಂತಾದವು ಇರುವಲ್ಲಿ ಅಲ್ಪವಿರಾಮ ಹಾಕಿ ‘ಸೆಕ್ಯುರಿಟಿ_ಲೇಬಲ್’ ಎಂದು ಸೇರಿಸು. ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರ, ನಡುವೆ ಅಂಡರ್‌ಸ್ಕೋರ್. ಸರ್ವರ್ ಆ ಫೈಲನ್ನು ಮತ್ತೆ ಓದಲಿ ಎಂದು ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ’ ಕೊಡು. ಹೊರಗಿನ ಮಷಿನ್‌ನಲ್ಲಿ ಅಪಾಚೆ ನಿಲ್ಲಿಸಿ, ಆ ಸರ್ವರ್‌ನಿಂದ ಬಂದ ಮೌಂಟ್‌ಗಳನ್ನೆಲ್ಲ ಪೂರ್ತಿ ಇಳಿಸಿ, ಮತ್ತೆ ಏರಿಸು. ರಿಮೌಂಟ್ ಅಂತ ಅಡ್ಡದಾರಿ ಹಿಡಿಯಬೇಡ, ಲೇಬಲ್ ಬರುವುದೋ ಇಲ್ಲವೋ ಎಂಬುದು ಮೊದಲ ಮೌಂಟ್ ಹೊತ್ತಿಗೇ ತೀರ್ಮಾನ ಆಗಿರುತ್ತದೆ. ಈಗ ಪಟ್ಟಿಯಲ್ಲಿ ‘ಸೆಕ್‌ಲೇಬಲ್’ ಕಾಣಬೇಕು.

ಅಪಾಚೆ ಮತ್ತೆ ಶುರು ಮಾಡಿದರೆ ಪೇಜ್ ತೆರೆದುಕೊಳ್ಳುತ್ತದೆ. ಆದರೆ ಅಲ್ಲಿಗೇ ಎದ್ದು ಹೋಗಬೇಡ. ನೀನು ಸಿಸ್ಟಂ ಹೊಸದಾಗಿ ಹಾಕಿದ್ದೀಯ. ಫೈಲಿಗೆ ಅಂಟಿದ ಲೇಬಲ್ ಡೇಟಾ ಡಿಸ್ಕ್ ಜೊತೆ ಬಂತು. ‘ಈ ಫೋಲ್ಡರಿಗೆ ಈ ಲೇಬಲ್’ ಎಂದು ಸೆಮ್ಯಾನೇಜ್ ಕಮಾಂಡ್‌ನಿಂದ ಬರೆಸಿದ ನಿಯಮ ಮಾತ್ರ ಹಳೆ ಸಿಸ್ಟಂ ಡಿಸ್ಕಿನ ಇಟಿಸಿಯಲ್ಲಿತ್ತು, ಅದು ಹೋಯಿತು. ನಾಳೆ ಯಾರಾದರೂ ರಿಸ್ಟೋರ್‌ಕಾನ್ (ನಿಯಮದ ಪ್ರಕಾರ ಲೇಬಲ್ ಮತ್ತೆ ಹಚ್ಚುವ ಕಮಾಂಡ್) ಓಡಿಸಿದರೆ ಉಳಿದ ಲೇಬಲ್‌ಗೂ ಭರವಸೆ ಇಲ್ಲ. ಸರ್ವರ್‌ನಲ್ಲಿ ‘ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್’ ಬಳಸಿ ಚೀಟಿಗಳ ಫೋಲ್ಡರಿಗೆ ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ, ಫೋಟೊ ಫೋಲ್ಡರಿಗೆ ಎಚ್‌ಟಿಟಿಪಿಡಿ_ಸಿಸ್_ಆರ್‌ಡಬ್ಲ್ಯು_ಕಂಟೆಂಟ್_ಟಿ ಎಂದು ನಿಯಮ ಬರೆಸಿ, ಆಮೇಲೆ ನೀನೇ ರಿಸ್ಟೋರ್‌ಕಾನ್ ಓಡಿಸಿ ನೋಡು. ಫೋಟೊ ಫೋಲ್ಡರಿಗೆ ಬರೆಯುವ ಹಕ್ಕು ಬೇಕು, ಹಿಸಾಬ್ ಪಟ್ಟಿಗೆ ಖಂಡಿತ ಬೇಡ. ರೈತನ ಪಟ್ಟಿಯಲ್ಲಿ ಒಂದು ಅಂಕಿ ತಿದ್ದಿದರೂ ಅದು ಯಾರದೋ ಮನೆಯ ವರ್ಷದ ದುಡಿಮೆ.

ಲೇಬಲ್ ದಾಟಿಸದೆಯೂ ಕೆಲಸ ಸಾಗಿಸಬಹುದು. ‘ಎಚ್‌ಟಿಟಿಪಿಡಿ_ಯೂಸ್_ಎನ್‌ಎಫ್‌ಎಸ್’ ಬೂಲಿಯನ್ (ಎಸ್‌ಇಲಿನಕ್ಸ್‌ನ ಆನ್-ಆಫ್ ಸ್ವಿಚ್) ಆನ್ ಮಾಡಿದರೆ ಅಪಾಚೆಗೆ ಎನ್‌ಎಫ್‌ಎಸ್_ಟಿ ಇದ್ದದ್ದೆಲ್ಲ ತೆರೆದುಕೊಳ್ಳುತ್ತದೆ. ನಿನಗೆ ಅದು ಅತಿಯಾಯಿತು. ಮೌಂಟ್ ಮಾಡುವಾಗಲೇ ‘ಕಾಂಟೆಕ್ಸ್ಟ್’ ಎಂದು ಲೇಬಲ್ ಬರೆದುಕೊಟ್ಟರೆ ಇಡೀ ಮೌಂಟ್‌ಗೆ ಅದೊಂದೇ ಲೇಬಲ್. ಒಂದೇ ಎಕ್ಸ್‌ಪೋರ್ಟ್‌ನ ಎರಡು ಫೋಲ್ಡರಿಗೆ ಎರಡು ಬೇರೆ ಲೇಬಲ್ ಬೇಕಾದರೆ ‘ನೋಶೇರ್‌ಕ್ಯಾಶ್’ ಸಹ ಸೇರಿಸಬೇಕು, ಇಲ್ಲವಾದರೆ ಎರಡನೆಯ ಮೌಂಟ್ ಹಟ ಹಿಡಿಯುತ್ತದೆ. ನಿಮ್ಮ ಎರಡೂ ಮಷಿನ್ ಫೆಡೋರಾ, ಪಾಲಿಸಿ ಒಂದೇ ಬಗೆಯದು. ಸೆಕ್ಯುರಿಟಿ_ಲೇಬಲ್ ದಾರಿಯೇ ನಿನಗೆ ಸರಿ.

ಬಂದ್ ಮಾಡು ಎಂದವರ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಇಂಥದೇ 403 ಬಂದಾಗ ನಾನು ಅದನ್ನೇ ಮಾಡಿದೆ. ಎರಡು ವರ್ಷ ಹಾಗೆಯೇ ಉಳಿಯಿತು. ಬಂದ್ ಇದ್ದಾಗ ಹುಟ್ಟಿದ ಫೈಲುಗಳಿಗೆ ಲೇಬಲ್ಲೇ ಇರಲಿಲ್ಲ. ಮತ್ತೆ ಆನ್ ಮಾಡಿದ ದಿನ ಇಡೀ ಡಿಸ್ಕಿಗೆ ಹೊಸದಾಗಿ ಲೇಬಲ್ ಹಚ್ಚಬೇಕಾಯಿತು. ಮೇ ತಿಂಗಳು, ಮಧ್ಯಾಹ್ನ ಕರೆಂಟ್ ಹೋಗಿ ಬಂದು ಮತ್ತೆ ಮೊದಲಿನಿಂದ. ಪರೀಕ್ಷೆಯ ಅರ್ಜಿಗೆ ಬಂದ ಹುಡುಗರು ಮೆಟ್ಟಿಲ ಮೇಲೆ ಕಾದರು. ಅದು ನನ್ನ ತಪ್ಪು. ಅನುಮಾನ ಪರಿಹಾರಕ್ಕೆ ‘ಸೆಟ್‌ಎನ್‌ಫೋರ್ಸ್ 0’ ಕೊಟ್ಟು, ತಡೆಯುವುದನ್ನಷ್ಟೇ ನಿಲ್ಲಿಸಿ ಐದು ನಿಮಿಷ ನೋಡುವುದು ಬೇರೆ. ಆಗಲೂ ಲಾಗ್ ಬರೆಯುತ್ತಲೇ ಇರುತ್ತದೆ, ನೋಡಿದ ಕೂಡಲೇ 1 ಕೊಟ್ಟುಬಿಡು.

ಇಷ್ಟು ಮಾಡಿಯೂ ಒಳಗೆ ಹೊರಗೆ ಎರಡೂ ಕಡೆ ‘ಡೀಫಾಲ್ಟ್_ಟಿ’ ಬಂದರೆ ಲೇಬಲ್ ಡಿಸ್ಕಿನ ಮೇಲೇ ಅಳಿಸಿದೆ ಎಂದರ್ಥ. ಆಗಲೂ ಸೆಮ್ಯಾನೇಜ್, ರಿಸ್ಟೋರ್‌ಕಾನ್ ಎರಡನ್ನೂ ಸರ್ವರ್‌ನಲ್ಲೇ ಓಡಿಸು.

ಪ್ರಶ್ನೆ: ನಮ್ಮಲ್ಲಿ ಎನ್‌ಎಫ್‌ಎಸ್ ಇಲ್ಲ, ವಿಂಡೋಸ್ ಮಷಿನ್‌ನ ಶೇರ್ ಅನ್ನು ಲಿನಕ್ಸ್‌ನಲ್ಲಿ ಮೌಂಟ್ ಮಾಡಿ ಅಪಾಚೆಗೆ ಕೊಟ್ಟಿದ್ದೇವೆ. ಅಲ್ಲಿಯೂ 403. ಈ ದಾರಿ ನಡೆಯುತ್ತದೆಯೇ?
— ಯಾದಗಿರಿಯ ಓದುಗರು

ಉತ್ತರ: ಇಲ್ಲ. ವಿಂಡೋಸ್ ಶೇರ್‌ನಿಂದ ಎಸ್‌ಇಲಿನಕ್ಸ್ ಲೇಬಲ್ ಬರುವುದಿಲ್ಲ, ಎಲ್ಲಕ್ಕೂ ‘ಸಿಐಎಫ್‌ಎಸ್_ಟಿ’ ಎಂದೇ ಕಾಣುತ್ತದೆ. ನೀವು ಮೌಂಟ್ ಸಾಲಿನಲ್ಲೇ ಕಾಂಟೆಕ್ಸ್ಟ್ ಕೊಡಿ. ‘ಎಚ್‌ಟಿಟಿಪಿಡಿ_ಯೂಸ್_ಸಿಐಎಫ್‌ಎಸ್’ ಬೂಲಿಯನ್ ಕೂಡ ಇದೆ, ಆದರೆ ಆ ಮಷಿನ್‌ನಲ್ಲಿ ಬೇರೆ ಯಾವ ವಿಂಡೋಸ್ ಶೇರ್ ಮೌಂಟ್ ಆಗಿದೆ ಎಂದು ಒಮ್ಮೆ ನೋಡಿಕೊಂಡು ಆನ್ ಮಾಡಿ.