ಆನ್‌ಲೈನ್ ಆಟದಲ್ಲಿ ಬಾಟ್‌ಗಳ ಕಾಟ: ನಿಷೇಧಿಸಿದಷ್ಟೂ ಮತ್ತೆ ಹುಟ್ಟಿಕೊಳ್ಳುತ್ತಿವೆ, ತಡೆಯುವುದು ಹೇಗೆ?

ನೀವೂ ನಿಮ್ಮ ಗೆಳೆಯರೂ ಸೇರಿ ಕಟ್ಟಿದ ಆಟದಲ್ಲಿ ಗಣಿ ಅಗೆಯುವ, ಮರ ಕಡಿಯುವ ಕೆಲಸವನ್ನೆಲ್ಲ ಬಾಟ್‌ಗಳೇ (ಮನುಷ್ಯರ ಬದಲು ತಾವೇ ಆಡುವ ಪ್ರೋಗ್ರಾಂಗಳು) ಮಾಡಿ ಮಾರುಕಟ್ಟೆಯನ್ನು ಅದಿರಿನಿಂದ ತುಂಬಿಸಿಬಿಟ್ಟಿವೆ, ಆಡುವವರು ಮನುಷ್ಯರೇ ಎಂದು ಪರೀಕ್ಷಿಸುವ ಕ್ಯಾಪ್ಚಾ ಹಾಕಿದರೂ ನಿಲ್ಲಲಿಲ್ಲ, ದಿನವೂ ಖಾತೆಗಳನ್ನು ನಿಷೇಧಿಸಿದರೂ ಮರುದಿನ ಹೊಸ ಹೆಸರಿನಲ್ಲಿ ಹಾಜರಾಗುತ್ತವೆ ಎಂದು ಬರೆದಿದ್ದೀರಿ. ಇದನ್ನು ಪೂರ್ತಿಯಾಗಿ ತಡೆಯಲು ಸಾಧ್ಯವೇ ಎಂದು ಕೇಳಿದ್ದೀರಿ.

ಪೂರ್ತಿಯಾಗಿ ಸಾಧ್ಯವಿಲ್ಲ. ಆದರೆ ನಿಮ್ಮ ಆಟದಲ್ಲಿ ಬಾಟ್ ಓಡಿಸುವುದು ದಂಡ ಎಂದು ಓಡಿಸುವವರಿಗೇ ಅನ್ನಿಸುವ ಮಟ್ಟಕ್ಕೆ ತರಬಹುದು. ನಿಮ್ಮಂಥದೇ ಒಂದು ಸಣ್ಣ ಆಟದ ಸರ್ವರ್ ಕೆಲಸವನ್ನು ನಾನು ಆರು ವರ್ಷ ನೋಡಿಕೊಂಡೆ. ಅದರಲ್ಲಿ ಹೆಚ್ಚುಕಡಿಮೆ ನಾಲ್ಕು ವರ್ಷ ಇದೇ ಗುದ್ದಾಟ. ಆ ಅನುಭವದಿಂದ ಬರೆಯುತ್ತಿದ್ದೇನೆ.

ಮೊದಲಿಗೆ, ದಿನವೂ ನಿಷೇಧಿಸುವುದನ್ನು ಇವತ್ತೇ ನಿಲ್ಲಿಸಿ. ಕೇಳಲು ವಿಚಿತ್ರ ಎನಿಸಬಹುದು. ಬಾಟ್ ಬರೆಯುವವನ ಕಡೆಯಿಂದ ಒಮ್ಮೆ ನೋಡಿ. ಅವನು ಹತ್ತು ಖಾತೆಗಳನ್ನು ಹತ್ತು ಬಗೆಯಲ್ಲಿ ಹೊಂದಿಸಿ ಓಡಿಸುತ್ತಾನೆ. ಸಂಜೆಯೊಳಗೆ ಏಳು ಹೋದವು, ಮೂರು ಉಳಿದವು. ಉಳಿದ ಮೂರರಲ್ಲಿ ಏನು ಬೇರೆಯಿತ್ತು ಎಂಬುದು ಅವನಿಗೆ ಆಗಲೇ ಗೊತ್ತಾಯಿತು. ನಿಮ್ಮ ಪತ್ತೆ ವಿಧಾನ ಏನೆಂದು ನೀವೇ ಅವನಿಗೆ ದಿನಾ ವರದಿ ಒಪ್ಪಿಸಿದಂತೆ. ನಾವು ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರುತ್ತಾರೆ, ಅದು ಇದ್ದದ್ದೇ. ಎಷ್ಟು ಬಗ್ಗಿ ತೂರಬೇಕೆಂಬ ಅಳತೆಯನ್ನೂ ನಾವೇ ಕೊಡಬಾರದು.

ಆಟಗಳನ್ನು ಮಾಡುವ ವಾಲ್ವ್ ಸಂಸ್ಥೆಯ, ಮೋಸಗಾರರನ್ನು ಹಿಡಿಯುವ ವಿಎಸಿ ವ್ಯವಸ್ಥೆ 2002ರಿಂದ ಇದೆ. ಮೋಸ ಕಂಡ ಕೂಡಲೇ ಹೊರಗೆ ಹಾಕದೆ, ತಡಮಾಡಿ ನಿಷೇಧಿಸುವುದು ಅವರ ಬಹುಕಾಲದ ರೂಢಿ. 2023ರ ಫೆಬ್ರವರಿಯಲ್ಲಿ ಡೋಟಾ 2 ಆಟದಲ್ಲಿ ಅವರು ಮಾಡಿದ್ದು ಇನ್ನೂ ಅಚ್ಚುಕಟ್ಟಾದ ಕೆಲಸ. ಆಟದ ಪ್ರೋಗ್ರಾಂ ಒಳಗೆ ಒಂದಷ್ಟು ದತ್ತಾಂಶವನ್ನು ಇಟ್ಟರು. ನೆಟ್ಟಗೆ ಆಡುವವರ ಕಂಪ್ಯೂಟರ್‌ನಲ್ಲಿ ಅದನ್ನು ಯಾರೂ ಎಂದೂ ಓದುವುದಿಲ್ಲ, ಮೋಸದ ತಂತ್ರಾಂಶ ಮಾತ್ರ ಓದುತ್ತದೆ. ಹಾಗೆ ಸಿಕ್ಕಿಬಿದ್ದ 40,000ಕ್ಕೂ ಹೆಚ್ಚು ಖಾತೆಗಳನ್ನು ಒಟ್ಟಿಗೆ ನಿಷೇಧಿಸಿದರು.

ಇಂಥ ಬಲೆಯನ್ನು ನಿಮ್ಮ ಆಟದಲ್ಲಿ ಒಂದು ಮಧ್ಯಾಹ್ನದಲ್ಲಿ ಹೆಣೆಯಬಹುದು. ನಾವು ನಕ್ಷೆಯ ದತ್ತಾಂಶದಲ್ಲಿ ಒಂದು ಬಂಡೆಯನ್ನು ಇಟ್ಟೆವು. ಪಟ್ಟಿಯಲ್ಲಿ ಅದು ಒಳ್ಳೆಯ ಅದಿರಿನ ಬಂಡೆ, ಪರದೆಯ ಮೇಲೆ ಮಾತ್ರ ಮೂಡುವುದಿಲ್ಲ. ಒಂದು ದೊಡ್ಡ ಗೋಡೆಯ ಹೊಟ್ಟೆಯೊಳಗೆ ಅದನ್ನು ಹುದುಗಿಸಿದ್ದೆವು. ಕಣ್ಣಿನಿಂದ ನೋಡಿ ಆಡುವವರಿಗೆ ಅದರ ಮೇಲೆ ಕ್ಲಿಕ್ ಮಾಡಲು ದಾರಿಯೇ ಇಲ್ಲ. ‘ಹತ್ತಿರದ ಬಂಡೆ ಯಾವುದು’ ಎಂದು ಪಟ್ಟಿ ಓದುವ ಬಾಟ್‌ಗಳು ಸಾಲುಗಟ್ಟಿ ಬಂದು ಆ ಗೋಡೆಗೆ ಗುದ್ದಲಿ ಬೀಸಿದವು. ಪರದೆಯ ಬಣ್ಣ ನೋಡಿ ಕ್ಲಿಕ್ ಮಾಡುವ ಬಾಟ್‌ಗಳು ಈ ಬಲೆಗೆ ಬೀಳುವುದಿಲ್ಲ. ಅವುಗಳಿಗೆ ಬೇರೆ ದಾರಿ ಬೇಕು, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಂದು ರಾತ್ರಿ ಒಂದೇ ಖಾತೆಯ ಲಾಗ್ (ಅದು ಮಾಡಿದ್ದರ ದಾಖಲೆ) ತೆರೆದು ಕೂತೆ. ಎರಡು ಕ್ಲಿಕ್‌ಗಳ ನಡುವಿನ ಅಂತರ 640 ಮಿಲಿಸೆಕೆಂಡ್, ಆಮೇಲೆ 871, 702, 615, 888. ನೋಡಲು ಮನುಷ್ಯರಂತೆಯೇ ಏರುಪೇರು. ಇದನ್ನು ಬರೆದವನು ಯೋಚಿಸಿಯೇ ಬರೆದಿದ್ದಾನೆ ಎಂದುಕೊಂಡು, ಅಂಥ ಒಂಬತ್ತು ಸಾವಿರ ಅಂತರಗಳನ್ನು, ಯಾವುದು ಎಷ್ಟು ಸಲ ಬಂತೆಂದು ತೋರಿಸುವ ಸ್ತಂಭನಕ್ಷೆಯಾಗಿ ಬಿಡಿಸಿದೆ. 600ರಿಂದ 900ರವರೆಗೆ ಮೇಜಿನಂತೆ ಸಮತಟ್ಟು. 600ರ ಕೆಳಗೆ ಒಂದೂ ಇಲ್ಲ, 900ರ ಮೇಲೆ ಒಂದೂ ಇಲ್ಲ, ಎರಡೂ ತುದಿಯಲ್ಲಿ ಕತ್ತರಿಸಿಟ್ಟಂಥ ಅಂಚು. ಪಕ್ಕದಲ್ಲೇ ನಮ್ಮ ಒಬ್ಬ ಹಳೆಯ ಆಟಗಾರರ ನಕ್ಷೆ ಬಿಡಿಸಿದೆ. ಎಡಗಡೆ ಕಡಿದಾಗಿ ಏರುವ ಒಂದು ದಿಬ್ಬ, ಬಲಗಡೆಗೆ ಎಳೆದುಕೊಂಡು ಹೋಗುವ ಉದ್ದನೆಯ ಬಾಲ. ಆ ಬಾಲದಲ್ಲಿ ಅವರು ನೀರು ಕುಡಿದದ್ದು, ಯಾರೊಂದಿಗೋ ಮಾತಾಡಿದ್ದು, ಆಕಳಿಸಿದ್ದು ಎಲ್ಲವೂ ಇದೆ. ಮನುಷ್ಯರು ಮೊದಲ ಗಂಟೆಯಲ್ಲಿ ಆಡಿದಂತೆ ಐದನೇ ಗಂಟೆಯಲ್ಲಿ ಆಡುವುದಿಲ್ಲ, ಕೈ ಸೋಲುತ್ತದೆ. ಆ ಬಾಟ್‌ನ ಮೊದಲ ಗಂಟೆಯೂ ಹನ್ನೊಂದನೇ ಗಂಟೆಯೂ ಒಂದರ ಮೇಲೊಂದು ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಇನ್ನೊಂದು ಅಳತೆ ನನಗೆ ಇದಕ್ಕಿಂತಲೂ ಹೆಚ್ಚು ಕೆಲಸಕ್ಕೆ ಬಂತು. ಬಂಡೆಯಲ್ಲಿ ಅದಿರು ಮುಗಿಯಿತು ಎಂಬ ಸಂದೇಶವನ್ನು ಸರ್ವರ್ ಕಳಿಸಿದ ಮೇಲೆ ಮುಂದಿನ ಆಜ್ಞೆ ಬರಲು ಎಷ್ಟು ಹೊತ್ತು? ಕಣ್ಣಿಗೆ ಕಂಡದ್ದಕ್ಕೆ ಕೈ ಓಗೊಡಲು ಮನುಷ್ಯರಿಗೆ ಸುಮಾರು 200 ಮಿಲಿಸೆಕೆಂಡ್ ಬೇಕು. ಒಂದು ಖಾತೆಯಿಂದ 43 ಮಿಲಿಸೆಕೆಂಡ್‌ಗೆ ಆಜ್ಞೆ ಬರುತ್ತಿತ್ತು, ಮತ್ತೆ ಮತ್ತೆ. ಆ ಸಂಪರ್ಕದಲ್ಲಿ ಸಂದೇಶ ಹೋಗಿ ಬರಲಿಕ್ಕೇ 38 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಉಳಿದದ್ದು ಐದು. ಐದು ಮಿಲಿಸೆಕೆಂಡ್‌ನಲ್ಲಿ ನೋಡಿ, ತೀರ್ಮಾನಿಸಿ, ಕ್ಲಿಕ್ ಮಾಡುವ ಮನುಷ್ಯರು ಹುಟ್ಟಿಲ್ಲ.

ಮೌಸ್ ಚಲನೆಯ ದಾಖಲೆಯೂ ಇದ್ದರೆ ಮತ್ತೊಂದು ಹಳೆಯ ನಿಯಮ ನೆರವಿಗೆ ಬರುತ್ತದೆ. ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಕೈ ಅಲ್ಲಿಗೆ ತಲುಪಲು ಹೆಚ್ಚು ಹೊತ್ತು ಬೇಕು ಎಂದು ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲೇ ಸೂತ್ರವಾಗಿ ಕೊಟ್ಟಿದ್ದಾರೆ. ನಮ್ಮ ಕೈ ಮೊದಲು ಜೋರಾಗಿ ಹೋಗಿ, ಗುರಿ ಸಮೀಪಿಸಿದಾಗ ನಿಧಾನಿಸಿ, ಒಂದೆರಡು ಸಣ್ಣ ತಿದ್ದುಪಡಿ ಮಾಡಿಕೊಂಡು ನಿಲ್ಲುತ್ತದೆ. ಸಾಧಾರಣ ಬಾಟ್‌ಗಳಿಗೆ ದೊಡ್ಡ ಬಂಡೆಯೂ ಚಿಕ್ಕ ಗುಂಡಿಯೂ ಒಂದೇ ಸಮಯ. ಒಂದು ಎಚ್ಚರಿಕೆ: ಆಟಗಾರನ ಕಂಪ್ಯೂಟರ್ ಹೇಳುವ ಸಮಯವನ್ನು ನಂಬಬೇಡಿ, ಅದನ್ನು ಸುಳ್ಳಾಗಿಸುವುದು ಸುಲಭ. ಸರ್ವರ್‌ಗೆ ತಲುಪಿದ ಸಮಯವನ್ನೇ ಲೆಕ್ಕಕ್ಕೆ ಹಿಡಿಯಿರಿ. ಜಾಲದ ಏರಿಳಿತ ಅದರಲ್ಲಿ ಬೆರೆಯುವುದರಿಂದ ನೂರಿನ್ನೂರು ಕ್ಲಿಕ್ ನೋಡಿ ಮಾತಾಡಬಾರದು, ಸಾವಿರಗಟ್ಟಲೆ ಬೇಕು.

ಆಟಗಾರನ ಕಂಪ್ಯೂಟರ್ ಅವನದು, ಅಲ್ಲಿ ಏನು ಬೇಕಾದರೂ ನಡೆಯಬಹುದು ಎಂದೇ ಎಣಿಸಿ ಆಟ ಕಟ್ಟಬೇಕು. ಅವನಿಗೆ ಕಾಣಬಾರದ್ದನ್ನು ಅಲ್ಲಿಗೆ ಕಳಿಸಲೇಬೇಡಿ. ವ್ಯಾಲರಂಟ್ ಆಟದಲ್ಲಿ ಗೋಡೆಯ ಹಿಂದಿರುವ ಎದುರಾಳಿ ಕಣ್ಣಿಗೆ ಬೀಳುವ ಹೊತ್ತು ಹತ್ತಿರವಾಗುವವರೆಗೂ ಅವನು ಎಲ್ಲಿದ್ದಾನೆಂಬುದನ್ನು ಸರ್ವರ್ ಆಚೆ ಬಿಡುವುದೇ ಇಲ್ಲ. ನಿಮ್ಮ ಆಟ ಇಡೀ ನಕ್ಷೆಯ ಬಂಡೆಗಳ ಪಟ್ಟಿಯನ್ನು ಒಂದೇ ಸಲಕ್ಕೆ ಕಳಿಸುತ್ತಿದೆಯೇ ನೋಡಿ. ನಮ್ಮದು ಕಳಿಸುತ್ತಿತ್ತು. ಬಾಟ್‌ಗಳಿಗೆ ನಾವೇ ದಾರಿ ತೋರಿಸಿದ ಹಾಗಾಗಿತ್ತು.

ಅದೇ ವ್ಯಾಲರಂಟ್‌ನೊಂದಿಗೆ 2020ರಲ್ಲಿ ಬಂದ ವ್ಯಾನ್‌ಗಾರ್ಡ್‌ನಂತೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ಗೇ ಇಳಿದು ಕಾವಲು ಕಾಯುವ ತಂತ್ರಾಂಶ ಬೇಕೇ ಎಂಬ ಯೋಚನೆ ನಿಮಗೂ ಬಂದಿರಬಹುದು. ನಿಮ್ಮಂಥ ಸಣ್ಣ ತಂಡಕ್ಕೆ ಅದು ಬೇಡ ಎನ್ನುತ್ತೇನೆ. ಅದರಲ್ಲಿ ಒಂದು ತಪ್ಪಾದರೆ ಜನರ ಕಂಪ್ಯೂಟರೇ ಕೆಡುತ್ತದೆ, ಮತ್ತು ಆ ಮಟ್ಟದ ನಂಬಿಕೆಯನ್ನು ಆಟಗಾರರಿಂದ ಕೇಳುವ ಹಕ್ಕು ಸುಲಭವಾಗಿ ಬರುವುದಿಲ್ಲ. ಅಷ್ಟೆಲ್ಲ ಮಾಡಿದರೂ ಮೆಮೊರಿಯನ್ನು ನೇರವಾಗಿ ಓದುವ ಕಾರ್ಡ್ ಚುಚ್ಚಿ, ಇನ್ನೊಂದು ಕಂಪ್ಯೂಟರ್‌ನಲ್ಲಿ ಮೋಸದ ಪ್ರೋಗ್ರಾಂ ಓಡಿಸುವವರು ಇದ್ದಾರೆ.

ಇನ್ನು ದುಡ್ಡಿನ ವಿಷಯ. ನಿಮ್ಮ ಆಟದಲ್ಲಿ ಅಗೆಯುವ ಬಾಟ್‌ಗಳು ಕೂಲಿಗಳು. ಅವು ಅಗೆದದ್ದು ಎಲ್ಲಿಗೆ ಹೋಗುತ್ತಿದೆ ಎಂದು ನೋಡಿದ್ದೀರಾ? ಯಾರು ಯಾರಿಗೆ ಏನು ಕೊಟ್ಟರು ಎಂಬುದನ್ನು ನಾವು ಚುಕ್ಕಿ-ಗೆರೆಗಳ ಚಿತ್ರವಾಗಿ ಬರೆದಾಗ ಎಲ್ಲವೂ ಒಂದೇ ನೋಟಕ್ಕೆ ಬಯಲಾಯಿತು. ನಿಜವಾದ ಗೆಳೆಯರ ಗುಂಪಿನಲ್ಲಿ ಗೆರೆಗಳು ಎಲ್ಲ ಕಡೆಗೂ ಹೋಗಿ ಬರುತ್ತವೆ, ಜೇಡರ ಬಲೆಯಂತೆ. ಬಾಟ್‌ಗಳದ್ದು ಛತ್ರಿಯ ಕಡ್ಡಿಗಳಂತೆ: ನೂರನಲವತ್ತು ಖಾತೆಗಳಿಂದ ಗೆರೆ ಹೊರಟು ಮೂರು ಖಾತೆಗಳಿಗೆ ಸೇರುತ್ತದೆ, ಹಿಂದಕ್ಕೆ ಏನೂ ಬರುವುದಿಲ್ಲ. ನಾವು ಆ ನೂರನಲವತ್ತನ್ನು ವಾರಗಟ್ಟಲೆ ಬೆನ್ನಟ್ಟಿ ಸುಸ್ತಾಗಿದ್ದೆವು. ಆ ಮೂರಕ್ಕೆ ಬೀಗ ಹಾಕಿದ ದಿನ, ಬಾಟ್ ಓಡಿಸುವವರ ತಿಂಗಳ ಸಂಪಾದನೆ ಒಮ್ಮೆಗೇ ಹೋಯಿತು. ಅವರು ಮತ್ತೆ ಬಂದರು, ಆದರೆ ಬಹಳ ಕಡಿಮೆ ಸಂಖ್ಯೆಯಲ್ಲಿ.

ಈವ್ ಆನ್‌ಲೈನ್ ಆಟದ ಸಿಸಿಪಿ ಸಂಸ್ಥೆ 2009ರಲ್ಲಿ ಆಟದ ಹಣವನ್ನು ಹೊರಗೆ ನಿಜವಾದ ದುಡ್ಡಿಗೆ ಮಾರುವವರ ಮೇಲೆ ದೊಡ್ಡ ದಾಳಿ ಮಾಡಿ ಆರು ಸಾವಿರಕ್ಕೂ ಹೆಚ್ಚು ಖಾತೆಗಳನ್ನು ತೆಗೆದುಹಾಕಿತು. ಸಕ್ರಿಯ ಖಾತೆಗಳಲ್ಲಿ ಅವು ಶೇಕಡಾ 2ರಷ್ಟು ಮಾತ್ರ, ಆದರೆ ಸರ್ವರ್‌ಗಳ ಮೇಲಿನ ಹೊರೆ ಇಳಿದದ್ದು ಸುಮಾರು ಶೇಕಡಾ 30. ನಿಮ್ಮ ಸರ್ವರ್ ಬಾಡಿಗೆಯಲ್ಲಿ ಎಷ್ಟು ಪಾಲು ಬಾಟ್‌ಗಳದ್ದು ಎಂಬುದನ್ನೂ ಒಮ್ಮೆ ಲೆಕ್ಕ ಹಾಕಿ.

ಹಾಗೆಂದು ಕೊಡುಕೊಳ್ಳುವಿಕೆಯನ್ನೇ ಮುಚ್ಚಲು ಹೋಗಬೇಡಿ. ರೂನ್‌ಸ್ಕೇಪ್ ಆಟದಲ್ಲಿ 2008ರ ಜನವರಿಯಲ್ಲಿ ಹಾಗೆ ಮಾಡಿದರು. ಹೀಗೆ ಆಟದೊಳಗಿನ ಚಿನ್ನ ಮಾರುವವರು ಕದ್ದ ಕ್ರೆಡಿಟ್ ಕಾರ್ಡ್‌ಗಳನ್ನು ಬಳಸಿ ಸಂಸ್ಥೆಗೆ ದೊಡ್ಡ ತೊಂದರೆ ಕೊಟ್ಟಿದ್ದರು, ಕಾರಣ ಗಟ್ಟಿಯಾಗಿಯೇ ಇತ್ತು. ಆದರೆ ಗೆಳೆಯನಿಗೆ ಒಂದು ಕತ್ತಿಯನ್ನು ಸುಮ್ಮನೆ ಕೊಡಲೂ ಆಗದ ಸ್ಥಿತಿ ಬಂದಾಗ ಆಟಗಾರರು ಸಿಟ್ಟಾಗಿ ಹೊರನಡೆದರು. ಆಟಗಾರರ ಮತ ಕೇಳಿ, 2011ರ ಫೆಬ್ರವರಿಯಲ್ಲಿ ಹಳೆಯ ಪದ್ಧತಿಯನ್ನೇ ಮರಳಿ ತರಬೇಕಾಯಿತು. ಇಲಿಯ ಕಾಟಕ್ಕೆ ಮನೆ ಸುಟ್ಟರು ಎನ್ನುವುದು ಇಂಥದ್ದಕ್ಕೇ. ಹೊಸ ಖಾತೆಗೆ ಮೊದಲ ಕೆಲವು ಗಂಟೆ ಆಡುವವರೆಗೆ ಮಾರಾಟದ ಹಕ್ಕು ಕೊಡದಿರುವುದು, ದೊಡ್ಡ ಮೊತ್ತದ ಏಕಮುಖ ಕೊಡುಗೆಯನ್ನು ಒಂದೆರಡು ದಿನ ತಡೆಹಿಡಿಯುವುದು, ಇಷ್ಟು ಸಾಕು. ಕ್ಯಾಪ್ಚಾವನ್ನು ತೆಗೆದುಬಿಡಿ. ದುಡ್ಡು ಕೊಟ್ಟರೆ ಅದನ್ನು ಬಿಡಿಸಿಕೊಡುವವರು ಇದ್ದಾರೆ, ನರಳುವವರು ಪ್ರಾಮಾಣಿಕರು ಮಾತ್ರ.

ನಮ್ಮ ತಪ್ಪೊಂದನ್ನು ನಿಮಗೆ ಹೇಳಲೇಬೇಕು. ಕ್ಲಿಕ್ ಅಂತರದ ನಿಯಮವನ್ನು ಜಾರಿಗೆ ತಂದ ಮೊದಲ ತಿಂಗಳಲ್ಲಿ ಒಂದು ಖಾತೆ ಎದ್ದು ಕಂಡಿತು. ಅಂತರಗಳೆಲ್ಲ ಒಂದೇ ಅಳತೆಯ ಒಂದರಷ್ಟು, ಎರಡರಷ್ಟು, ಮೂರರಷ್ಟು, ಗಡಿಯಾರ ಇಟ್ಟಂತೆ. ಸಂಶಯಕ್ಕೆ ಎಡೆಯೇ ಇಲ್ಲವೆಂದು ನಿಷೇಧಿಸಿದೆವು. ಆ ಖಾತೆಯವರು ಮೂರು ಸಲ ಪತ್ರ ಬರೆದರು. ಮೂರಕ್ಕೂ ಹೋದದ್ದು ತಾನಾಗಿ ಹೋಗುವ ಸಿದ್ಧ ಉತ್ತರ. ಹನ್ನೊಂದನೇ ದಿನ ನಾನು ಆ ಪತ್ರಗಳನ್ನು ಓದಿದೆ. ಅವರಿಗೆ ಕೈಗಳು ಸ್ವಾಧೀನದಲ್ಲಿಲ್ಲ. ಪರದೆಯ ಮೇಲೆ ಒಂದು ಗುರುತು ನಿಗದಿತ ವೇಗದಲ್ಲಿ ಒಂದೊಂದೇ ಗುಂಡಿಯ ಮೇಲೆ ಸಾಗುತ್ತದೆ, ಬೇಕಾದ ಗುಂಡಿಗೆ ಬಂದಾಗ ಅವರು ತಲೆಯಿಂದ ಒಂದು ಸ್ವಿಚ್ ಒತ್ತುತ್ತಾರೆ. ಗಡಿಯಾರದಂಥ ಅಂತರ ಬಂದದ್ದು ಅದರಿಂದ. ಎರಡು ವರ್ಷ ಹಾಗೆ ಆಡಿ ಕೂಡಿಸಿದ್ದನ್ನು ನಾವು ಒಂದು ಸಂಖ್ಯೆ ನೋಡಿ ಕಿತ್ತುಕೊಂಡಿದ್ದೆವು. ಖಾತೆ ಮರಳಿಸಿ ಕ್ಷಮೆ ಕೇಳಿದೆ. ಅವರು ದೊಡ್ಡ ಮನಸ್ಸಿನಿಂದ ಮತ್ತೆ ಆಡಲು ಬಂದರು.

ಅಂದಿನಿಂದ ಒಂದೇ ಸುಳಿವಿನ ಮೇಲೆ ಯಾರನ್ನೂ ನಿಷೇಧಿಸಲಿಲ್ಲ. ಕಾಣದ ಬಂಡೆ, ಅಂತರದ ನಕ್ಷೆ, ಕೊಡುಕೊಳ್ಳುವಿಕೆಯ ಚಿತ್ರ, ಇವುಗಳಲ್ಲಿ ಕನಿಷ್ಠ ಎರಡು ಒಂದೇ ಮಾತು ಹೇಳಬೇಕು, ಇಬ್ಬರು ಬೇರೆ ಬೇರೆಯಾಗಿ ನೋಡಬೇಕು, ಮೇಲ್ಮನವಿಯನ್ನು ಮನುಷ್ಯರೇ ಓದಬೇಕು. ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ನೋಡಿ ನಿಷೇಧಿಸುವುದಂತೂ ಬೇಡವೇ ಬೇಡ. ಮೊಬೈಲ್ ಜಾಲದಲ್ಲಿ ನೂರಾರು ಮಂದಿಗೆ ಒಂದೇ ವಿಳಾಸ ಇರುತ್ತದೆ.

ಬಾಟ್ ಹಚ್ಚುವವರೆಲ್ಲ ವ್ಯಾಪಾರಿಗಳಲ್ಲ ಎಂಬುದನ್ನೂ ಮರೆಯಬೇಡಿ. ನಮ್ಮ ಆಟದಲ್ಲಿ ಒಂದು ಕುಲುಮೆ ಕಟ್ಟಲು ನಲವತ್ತು ಗಂಟೆ ಒಂದೇ ಬಂಡೆಗೆ ಗುದ್ದಬೇಕಿತ್ತು. ಸಿಕ್ಕಿಬಿದ್ದ ಒಬ್ಬ ಹುಡುಗ ‘ಆಟ ಇಷ್ಟ, ಈ ಭಾಗ ಮಾತ್ರ ತಡೆಯಲಾಗುವುದಿಲ್ಲ’ ಎಂದು ಬರೆದ. ಅವನ ಮಾತು ಸರಿ ಎನ್ನಿಸಿ ಆ ನಲವತ್ತನ್ನು ಆರಕ್ಕೆ ಇಳಿಸಿದೆವು. ಆಟಗಾರರು ಇಲ್ಲದಾಗ ನಿಧಾನವಾಗಿ ಅಗೆಯುವ ಒಬ್ಬ ಆಳನ್ನು ಆಟದೊಳಗೇ ಕೊಟ್ಟೆವು. ಸ್ವಂತಕ್ಕೆಂದು ಬಾಟ್ ಓಡಿಸುತ್ತಿದ್ದವರಲ್ಲಿ ಹೆಚ್ಚಿನವರು ತಾವಾಗಿಯೇ ಬಿಟ್ಟರು.

ಈಗ ನೀವು ಮಾಡಬೇಕಾದದ್ದು: ಪ್ರತಿಯೊಂದು ಆಜ್ಞೆ ಸರ್ವರ್‌ಗೆ ತಲುಪಿದ ಸಮಯವನ್ನು ಮಿಲಿಸೆಕೆಂಡ್‌ವರೆಗೆ, ಅದಕ್ಕೆ ಮುಂಚೆ ಸರ್ವರ್ ಕಳಿಸಿದ ಸಂದೇಶದ ಸಮಯದೊಂದಿಗೆ, ಎರಡು ವಾರ ದಾಖಲಿಸಿ. ಆ ಎರಡು ವಾರ ಯಾರನ್ನೂ ನಿಷೇಧಿಸಬೇಡಿ. ಆಮೇಲೆ ಅತಿ ಹೆಚ್ಚು ಅಗೆದ ಇಪ್ಪತ್ತು ಖಾತೆಗಳ ಸ್ತಂಭನಕ್ಷೆಯನ್ನೂ ಕೊಡುಕೊಳ್ಳುವಿಕೆಯ ಚಿತ್ರವನ್ನೂ ಬಿಡಿಸಿ. ಅವುಗಳನ್ನು ಇಲ್ಲಿ ಹಾಕಿದರೆ ನಾನೂ ಕೂತು ನೋಡುತ್ತೇನೆ. ಖಾತೆಗಳ ಹೆಸರನ್ನು ಮಾತ್ರ ಅಳಿಸಿ ಹಾಕಿ, ಅವರಲ್ಲಿ ಯಾರು ಏನೆಂದು ನಮಗಿನ್ನೂ ಗೊತ್ತಿಲ್ಲ.